ಒಂದೇ ಹಡಗು, ಇಬ್ಬರು ನಾವಿಕರು: ಹಳೇ ಸ್ಟ್ಯಾಂಪ್ ಅಲ್ಬಮ್ ಬಿಚ್ಚಿ ಮತ್ತೆ ಕಟ್ಟಿದ್ದು

ಕೈಗೆ ಬಂದದ್ದು ಅನ್ವೇಷಕರ ಅಲ್ಬಮ್. ಕೊಲಂಬಸ್, ವಾಸ್ಕೋ ಡ ಗಾಮ, ಕ್ಯಾಬಟ್, ಕುಕ್, ಲಿವಿಂಗ್‌ಸ್ಟನ್, ಸ್ಕಾಟ್ ಇವರ ನೆನಪಿಗೆ ಬೇರೆ ಬೇರೆ ದೇಶಗಳು ಹೊರಡಿಸಿದ ಅಂಚೆಚೀಟಿಗಳು. ಕೂಡಿಸಿದವರು ಯಾರೋ ಗೊತ್ತಿಲ್ಲ. ಆಸೆಯಿಂದಲೇ ಕೂಡಿಸಿದ್ದಾರೆ. ಆದರೆ ಅಂಟಿಸುವಾಗ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದ್ದಾರೆ. ಕೆಲವಕ್ಕೆ ಹಿಂಜ್, ಅಂದರೆ ಮಡಚಿ ಅಂಟಿಸುವ ಆ ತೆಳು ಕಾಗದದ ತುಣುಕು. ಕೆಲವಕ್ಕೆ ನೇರವಾಗಿ ಗೋಂದು. ಒಂದೆರಡಕ್ಕೆ ಸೆಲೋ ಟೇಪು. ಕೊನೆಯ ಪುಟಗಳಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಪಾಕೆಟ್‌ಗಳು. ಹಾಳೆಗಳು ಕಂದಾಗಿ, ಅಂಚು ಮುಟ್ಟಿದರೆ ಪುಡಿ ಉದುರುತ್ತಿತ್ತು.

ಹಾಳೆ ಬದಲಾಯಿಸಲೇಬೇಕಿತ್ತು. ಜೊತೆಗೆ ಜೋಡಣೆಯೂ ಬದಲಾಗಲಿ ಅಂದುಕೊಂಡೆ. ಹಳೆಯದು ದೇಶವಾರು ಇತ್ತು. ಅಮೆರಿಕ ಒಂದು ಕಡೆ, ಪೋರ್ಚುಗಲ್ ಒಂದು ಕಡೆ, ಬ್ರಿಟನ್ ಇನ್ನೆಲ್ಲೋ. ಅಂಗಡಿ ಲೆಕ್ಕಕ್ಕೆ ಅದು ಸರಿ. ಆದರೆ ಅನ್ವೇಷಕರ ಸ್ಟ್ಯಾಂಪ್‌ಗೆ ಅದು ಹೊಂದುವುದಿಲ್ಲ. ಯಾಕೆಂದರೆ ಒಬ್ಬನೇ ನಾವಿಕ ಐದಾರು ದೇಶಗಳ ಪುಟಗಳಲ್ಲಿ ಹರಿದು ಹಂಚಿಹೋಗುತ್ತಾನೆ. ಹಾಗಾಗಿ ಪ್ರಯಾಣದ ಪ್ರಕಾರ ಜೋಡಿಸಲು ಹೊರಟೆ. ಸ್ಟ್ಯಾಂಪ್ ಬಂದ ವರ್ಷ ಮುಖ್ಯ ಅಲ್ಲ, ಹಡಗು ಹೊರಟ ವರ್ಷ ಮುಖ್ಯ. ಇಡೀ ಕೆಲಸಕ್ಕೆ ಅರ್ಥ ಬಂದದ್ದೇ ಈ ಬದಲಾವಣೆಯಿಂದ.

ಮೊದಲು ಕಣ್ಣು, ಆಮೇಲೆ ನೀರು

ಮೇಜಿನ ಮೇಲೆ ಇಟ್ಟುಕೊಂಡ ಸಾಮಾನು ಜಾಸ್ತಿ ಏನಿಲ್ಲ. ತುದಿ ಚಪ್ಪಟೆಯಾಗಿರುವ ಸ್ಟ್ಯಾಂಪ್ ಚಿಮಟ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಅಂಚಿನ ತೂತುಗಳನ್ನು ಅಳೆಯುವ ಪರ್ಫೊರೇಷನ್ ಗೇಜ್, ಬ್ಲಾಟಿಂಗ್ ಪೇಪರ್, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಕಪ್ಪು ತಟ್ಟೆ.

ಸ್ಟ್ಯಾಂಪ್ ಹಾಳೆಗೆ ಅಂಟಿದೆ ಅಂದರೆ ನೀರಿಗೆ ಹಾಕೋಣ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಹಾಕುವ ಮುಂಚೆ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಅದು ಬಳಸಿದ ಸ್ಟ್ಯಾಂಪೋ ಬಳಸದ್ದೋ. ಬಳಸದ ಸ್ಟ್ಯಾಂಪ್‌ನ ಹಿಂದೆ ಮೂಲದ ಅಂಟು ಇರುತ್ತದೆ. ಸಂಗ್ರಹಕಾರರಿಗೆ ಅದೂ ಸ್ಟ್ಯಾಂಪ್‌ನ ಭಾಗವೇ. ನೀರಿಗೆ ಬಿದ್ದರೆ ಅದು ಹೋಯಿತು. ಎರಡು, ಹೇಗೆ ಅಚ್ಚಾಗಿದೆ, ಯಾವ ಕಾಗದದ ಮೇಲೆ.

1893ರ ಅಮೆರಿಕದ ಕೊಲಂಬಸ್ ಸರಣಿಯನ್ನೇ ತೆಗೆದುಕೊಳ್ಳಿ. ಒಂದು ಸೆಂಟಿನಿಂದ ಐದು ಡಾಲರ್‌ವರೆಗೆ ಒಟ್ಟು 16 ಸ್ಟ್ಯಾಂಪ್. ಅಮೆರಿಕದ ಮೊದಲ ಸ್ಮರಣಾರ್ಥ ಅಂಚೆಚೀಟಿಗಳು ಇವು. ಲೋಹದ ತಗಡಿನಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ತುಂಬಿದ ಶಾಯಿಯನ್ನು ಕಾಗದಕ್ಕೆ ಒತ್ತಿ ಎತ್ತಿದ ಮುದ್ರಣ. ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳು ಉಬ್ಬಿರುವುದು ಕಾಣುತ್ತದೆ. ಇಂಥ ಶಾಯಿ ತಣ್ಣೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಇಪ್ಪತ್ತನೇ ಶತಮಾನದ ಆರಂಭದ ಬ್ರಿಟಿಷ್ ವಸಾಹತುಗಳ ಸ್ಟ್ಯಾಂಪ್‌ಗಳ ವಿಷಯ ಬೇರೆ. ಅವುಗಳಲ್ಲಿ ಹಲವಕ್ಕೆ ಕಾಗದದ ಮೇಲೆ ಸುಣ್ಣದಂಥ ಬಿಳಿ ಲೇಪ ಇದೆ. ಅಂಚೆ ಮುದ್ರೆಯನ್ನು ತೊಳೆದು ಮತ್ತೆ ಬಳಸುವವರನ್ನು ತಡೆಯಲೆಂದೇ ಮಾಡಿದ್ದು. ನೀರು ತಾಗಿದರೆ ಮುದ್ರೆಯ ಜೊತೆ ಚಿತ್ರವೂ ಬಿಡುತ್ತದೆ. ಕಳ್ಳನಿಗೆ ಇಟ್ಟ ಬಲೆಗೆ ನೂರು ವರ್ಷ ಆದಮೇಲೆ ಸಂಗ್ರಹಕಾರ ಬೀಳಬಾರದು, ಅಲ್ವಾ? ಆ ಕಾಲದ ಹಸಿರು ಮತ್ತು ನೇರಳೆ ಶಾಯಿಗಳಂತೂ ನೀರಿನ ಹತ್ತಿರವೇ ಬರುವುದು ಬೇಡ.

ಹೀಗೆ ಗುಂಪು ಮಾಡಿಕೊಂಡೆ. ನೀರಿಗೆ ಹೋಗಬಹುದಾದವು, ಬರೀ ತೇವಕ್ಕೆ ಹೋಗಬೇಕಾದವು, ಹಾಗೇ ಬಿಡಬೇಕಾದವು. ಮೂರನೇ ಗುಂಪು ಅಂದುಕೊಂಡಿದ್ದಕ್ಕಿಂತ ದೊಡ್ಡದಾಯಿತು. ಅದಕ್ಕೆ ಬೇಜಾರಿಲ್ಲ. ಲಕೋಟೆಯ ಚೂರಿನ ಮೇಲೆ ಉಳಿದಿದ್ದ 2004ರ ಅಮೆರಿಕದ ಲೂಯಿಸ್-ಕ್ಲಾರ್ಕ್ ಸ್ಟ್ಯಾಂಪ್ ತಾನೇ ಅಂಟಿಕೊಳ್ಳುವ ಬಗೆಯದು. ಅದರ ಸುತ್ತ ಸ್ವಲ್ಪ ಜಾಗ ಬಿಟ್ಟು ಲಕೋಟೆಯನ್ನೇ ಅಂದವಾಗಿ ಕತ್ತರಿಸಿ ಇಟ್ಟುಬಿಟ್ಟೆ.

ಗಡ್ಡದ ತಕರಾರು

ಬಳಸಿದ ಕೊಲಂಬಸ್‌ಗಳು ಮೊದಲು ನೀರಿಗೆ ಹೋದವು. ಅಗಲ ತಟ್ಟೆ, ತಣ್ಣೀರು, ಚಿತ್ರ ಮೇಲೆ. ಉಜ್ಜುವುದಿಲ್ಲ, ಎಳೆಯುವುದಿಲ್ಲ. ಹಿಂಜ್ ತಾನಾಗಿ ಜಾರುವವರೆಗೆ ಸುಮ್ನೆ ಕಾಯುವುದು. ಆಮೇಲೆ ಬ್ಲಾಟಿಂಗ್ ಪೇಪರ್ ಮೇಲೆ ಚಿತ್ರ ಕೆಳಗೆ ಮಾಡಿ ಹರವಿದೆ. ಮುಕ್ಕಾಲು ಒಣಗಿದ ಮೇಲೆ ಎರಡು ಹೊಸ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಭಾರ ಹೇರಿದೆ. ಪೂರ್ತಿ ಒಣಗಲು ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತವೆ.

ಒಂದು ಸೆಂಟಿನದು ಮತ್ತು ಎರಡು ಸೆಂಟಿನದು ಪಕ್ಕಪಕ್ಕ ಒಣಗುತ್ತಿದ್ದಾಗ ಆ ಹಳೇ ತಮಾಷೆ ಕಣ್ಣಿಗೆ ಬೀಳದೇ ಇರುವುದಿಲ್ಲ. ಒಂದು ಸೆಂಟಿನದರಲ್ಲಿ ಕೊಲಂಬಸ್ ಹಡಗಿನಿಂದ ನೆಲ ಕಾಣುತ್ತಿದ್ದಾನೆ, ಗಡ್ಡ ಇಲ್ಲ. ಎರಡು ಸೆಂಟಿನದರಲ್ಲಿ ಅದೇ ನೆಲಕ್ಕೆ ಇಳಿಯುತ್ತಿದ್ದಾನೆ, ಗಡ್ಡ ತುಂಬಿದೆ. ನೆಲ ಕಂಡದ್ದೂ ಇಳಿದದ್ದೂ ಒಂದೇ ದಿನ, 1492ರ ಅಕ್ಟೋಬರ್ 12. ಗುಟ್ಟೇನಿಲ್ಲ, ಎರಡು ಚಿತ್ರಕ್ಕೂ ಮೂಲ ಬೇರೆ ಬೇರೆ ವರ್ಣಚಿತ್ರಗಳು. ಎರಡು ಸೆಂಟಿನದು ಅಮೆರಿಕದ ಸಂಸತ್ ಭವನದಲ್ಲಿರುವ ಜಾನ್ ವ್ಯಾಂಡರ್‌ಲಿನ್ ಅವರ ಚಿತ್ರ. ಕೊಲಂಬಸ್ ಬದುಕಿದ್ದಾಗ ಬರೆದದ್ದು ಎಂದು ಖಚಿತವಾದ ಭಾವಚಿತ್ರವೇ ಇಲ್ಲ. ಹಾಗಾಗಿ ಗಡ್ಡ ಬರೆಯುವವರ ಇಷ್ಟ.

ಎರಡು ಸೆಂಟಿನದನ್ನು ಭೂತಗನ್ನಡಿಯಲ್ಲಿ ಇನ್ನೊಂದಕ್ಕೂ ನೋಡಿದೆ. ಕೊಲಂಬಸ್‌ನ ಎಡಕ್ಕೆ ಮೂರನೆಯವನ ಟೋಪಿಯಲ್ಲಿ ಸಣ್ಣ ಬಿರುಕು ಇದ್ದರೆ ಅದು 'ಮುರಿದ ಟೋಪಿ'. ಅಚ್ಚಿನ ದೋಷ, ಸಂಗ್ರಹಕಾರರಿಗೆ ಅಚ್ಚುಮೆಚ್ಚು. ನನ್ನವನ ಟೋಪಿ ನೆಟ್ಟಗಿತ್ತು. ಈ ಸ್ಟ್ಯಾಂಪ್ ನೂರು ಕೋಟಿಗೂ ಮೀರಿ ಅಚ್ಚಾಗಿತ್ತು, ಆದ್ದರಿಂದ ನೆಟ್ಟಗಿನ ಟೋಪಿಗೆ ಬರವೇನಿಲ್ಲ.

ಅದೇ ಸಾಲಿನಲ್ಲಿ ಒಂದು ಸ್ಟ್ಯಾಂಪ್ ಮಾತ್ರ ಅನುಮಾನ ಬರುವಷ್ಟು ಹೊಸದಾಗಿ ಕಾಣುತ್ತಿತ್ತು. ಕಾಗದ ಬೆಳ್ಳಗೆ, ಬಣ್ಣ ಗಟ್ಟಿ. ಗೇಜ್ ಮೇಲೆ ಇಟ್ಟೆ. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತದೆ ಎನ್ನುವುದೇ ಅಳತೆ. 1893ರ ಸ್ಟ್ಯಾಂಪ್‌ಗೆ 12 ಬರಬೇಕು. ಇದಕ್ಕೆ ಬರಲಿಲ್ಲ. ಆಮೇಲೆ ಮೇಲಿನ ಬಲ ಮೂಲೆ ನೋಡಿದರೆ ಉತ್ತರ ಅಲ್ಲೇ ಇತ್ತು. ಹಳೆಯದರಲ್ಲಿ ಅಲ್ಲಿ 1892 ಅಂತ ಇರುತ್ತದೆ, ಇದರಲ್ಲಿ 1992. ಐನೂರನೇ ವರ್ಷಕ್ಕೆ ಅಮೆರಿಕ, ಇಟಲಿ, ಪೋರ್ಚುಗಲ್, ಸ್ಪೇನ್ ಸೇರಿ ಹಳೇ ವಿನ್ಯಾಸಗಳನ್ನೇ ಆರು ಸಣ್ಣ ಹಾಳೆಗಳಲ್ಲಿ ಮತ್ತೆ ತಂದಿದ್ದವು. ಆ ಹಾಳೆಯಿಂದ ಯಾರೋ ಒಂದನ್ನು ಬಿಡಿಸಿ ಹಳೆಯದರ ಜೊತೆ ಕೂರಿಸಿದ್ದಾರೆ. ಅದನ್ನು ಎತ್ತಿ ಬಿಸಾಡಲಿಲ್ಲ. ಅದೇ ಪುಟದ ಕೆಳಗೆ, ವರ್ಷ ಬರೆದು ಇಟ್ಟೆ.

ತೇವದ ಡಬ್ಬಿ

ಬಳಸದ ಸ್ಟ್ಯಾಂಪ್‌ಗಳಿಗೆ ಈ ಡಬ್ಬಿ. ತಳಕ್ಕೆ ಒದ್ದೆ ಸ್ಪಂಜು, ನೀರು ನಿಲ್ಲುವಷ್ಟಲ್ಲ. ಅದರ ಮೇಲೆ ಕಾಲುಗಳಿರುವ ಪ್ಲಾಸ್ಟಿಕ್ ಜಾಲರಿ. ಸ್ಟ್ಯಾಂಪ್ ಜಾಲರಿ ಮೇಲೆ, ಚಿತ್ರ ಮೇಲ್ಮುಖವಾಗಿ. ಮುಚ್ಚಳದ ಒಳಮೈಗೆ ಒಂದು ಬ್ಲಾಟಿಂಗ್ ಪೇಪರ್ ಅಂಟಿಸಲೇಬೇಕು. ಇಲ್ಲದಿದ್ದರೆ ಆವಿ ಮುಚ್ಚಳದಲ್ಲಿ ಹನಿಯಾಗಿ, ಆ ಹನಿ ಸರಿಯಾಗಿ ಸ್ಟ್ಯಾಂಪ್ ಮೇಲೇ ಬೀಳುತ್ತದೆ. ಉಳಿದದ್ದು ತಾಳ್ಮೆ. ಆಗಾಗ ತೆಗೆದು ಹಿಂಜ್‌ನ ಮೂಲೆಯನ್ನು ಚಿಮಟದಿಂದ ಮುಟ್ಟಿ ನೋಡುವುದು. ಬಗ್ಗಿದರೆ ಮುಂದಕ್ಕೆ, ಬಿಗಿಯಾಗಿದ್ದರೆ ಮತ್ತೆ ಒಳಗೆ.

ಮೂರು ಸೆಂಟಿನ ಹಸಿರು ಕೊಲಂಬಸ್ ಹಿಂದೆ ಹಿಂಜ್ ಮೇಲೆ ಹಿಂಜ್, ಹಳೇ ಗೋಡೆಯ ಪೋಸ್ಟರ್‌ಗಳ ಹಾಗೆ. ಪ್ರತಿ ಮಾಲೀಕನೂ ಹಿಂದಿನವನದನ್ನು ತೆಗೆಯದೆ ತನ್ನದನ್ನು ಅಂಟಿಸಿದ್ದ. ಮೇಲಿನದು ಸುಲಭವಾಗಿ ಬಂತು. ಅದರ ಕೆಳಗಿನದರ ಒಂದು ಮೂಲೆ ಸಡಿಲವಾಗಿ ನಡುಭಾಗ ಹಿಡಿದುಕೊಂಡಿತ್ತು. ಇಂಥ ಕಡೆ ಎಳೆದರೆ ಸ್ಟ್ಯಾಂಪ್‌ನ ಹಿಂದಿನ ಪದರವೇ ಕಿತ್ತು ಬರುತ್ತದೆ. ಬೆಳಕಿಗೆ ಹಿಡಿದಾಗ ಆ ಜಾಗ ಮಾತ್ರ ತೆಳ್ಳಗೆ, ಬೆಳ್ಳಗೆ ಕಾಣುತ್ತದೆ. ಅದನ್ನು ಸರಿಮಾಡುವ ದಾರಿಯೇ ಇಲ್ಲ. ಮತ್ತೆ ಡಬ್ಬಿಗೆ ಹಾಕಿದೆ. ಹಿಂಜ್ ಅರೆಪಾರದರ್ಶಕವಾಗಿ ಮೆತ್ತಗಾದಾಗ ಚಿಮಟದ ಒಂದು ಕಾಲನ್ನು ಅದರ ಅಡಿಗೆ ಸರಿಸಿ, ಸ್ಟ್ಯಾಂಪ್‌ಗೆ ಸಮಾನಾಂತರವಾಗಿ, ಮೇಲಕ್ಕಲ್ಲ ಪಕ್ಕಕ್ಕೆ ಎಳೆದೆ. ಬಂತು. ಅದರಡಿಯ ಕೊನೆಯ ತುಣುಕು ಅಂಟಿನೊಳಗೆ ಬೆರೆತಿತ್ತು. ಅದನ್ನು ಬಿಟ್ಟೆ. ಯಾರಿಗೂ ಕಾಣದ ಜಾಗದಲ್ಲಿ ಒಂದು ಚೂರು ಹಳೇ ಕಾಗದ ಇದ್ದರೆ ಏನೂ ನಷ್ಟವಿಲ್ಲ.

ಈ ಹಸಿರು ಸ್ಟ್ಯಾಂಪ್‌ನಲ್ಲಿ ಇರುವುದು ಕೊಲಂಬಸ್‌ನ ಮುಖ್ಯ ಹಡಗು. ಹೊಸ ಜೋಡಣೆಯಲ್ಲಿ ಇದರ ಮುಂದಿನ ಪುಟ ಜಾನ್ ಕ್ಯಾಬಟ್. 1497ರಲ್ಲಿ ಬ್ರಿಸ್ಟಲ್‌ನಿಂದ ಮ್ಯಾಥ್ಯೂ ಎಂಬ ಹಡಗಿನಲ್ಲಿ ಹೊರಟವನು. ನಾಲ್ಕುನೂರು ವರ್ಷ ಆದಾಗ, 1897ರಲ್ಲಿ, ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡ್ ಇವನ ನೆನಪಿಗೆ 14 ಸ್ಟ್ಯಾಂಪ್‌ಗಳ ಸರಣಿ ತಂದಿತು. ಅದರ ಹತ್ತು ಸೆಂಟಿನದರಲ್ಲಿ ಮ್ಯಾಥ್ಯೂ ಹಡಗು. ಎರಡನ್ನೂ ಒಂದೇ ಬ್ಲಾಟಿಂಗ್ ಪೇಪರ್ ಮೇಲೆ ಇಟ್ಟು ನೋಡಿ: ಅದೇ ಹಡಗು! ಎರಡು ಸರಣಿಯನ್ನೂ ಅಚ್ಚು ಹಾಕಿದ್ದು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ. ಕೈಯಲ್ಲಿ ಒಂದು ಹಳೇ ಹಡಗಿನ ಚಿತ್ರ ಇತ್ತು, ಹೆಸರು ಬದಲಾಯಿಸಿ ಬಳಸಿದರು. ದೇಶವಾರು ಅಲ್ಬಮ್‌ನಲ್ಲಿ ಇವೆರಡರ ನಡುವೆ ದಪ್ಪನೆ ಹಾಳೆಗಳ ಗಂಟೇ ಇತ್ತು. ಒಂದೇ ಹಡಗು ಅಂತ ಹೊಳೆಯುವುದಾದರೂ ಹೇಗೆ? ಈಗ ಎದುರುಬದುರು ಪುಟದಲ್ಲಿವೆ.

ಕ್ಯಾಬಟ್ ಸರಣಿಯ ತಮಾಷೆ ಅಷ್ಟಕ್ಕೇ ಮುಗಿಯಲ್ಲ. ಎರಡು ಸೆಂಟಿನದರಲ್ಲಿ ಗಡ್ಡದ ಹಿರಿಯರೊಬ್ಬರ ಭಾವಚಿತ್ರ ಇದೆ. ಹೊಸ ದ್ವೀಪ ಕಂಡವನು ಇವನೇ ಎನ್ನುವ ಅರ್ಥದ ಸಾಲು ಹಳೇ ಇಂಗ್ಲಿಷಿನಲ್ಲಿದೆ. ಚಿತ್ರ ಮಾತ್ರ ಜಾನ್‌ನದಲ್ಲ, ಅವನ ಮಗ ಸೆಬಾಸ್ಟಿಯನ್‌ನದು. ಅಪ್ಪನ ಚಿತ್ರ ಉಳಿದೇ ಇಲ್ಲ, ಮಗನನ್ನು ಕೂರಿಸಿದ್ದಾರೆ. ಪುಟದಲ್ಲಿ ಪೆನ್ಸಿಲ್‌ನಿಂದ ಅಪ್ಪನ ಹೆಸರು ಬರೆದು, ಕೆಳಗೆ ಸಣ್ಣದಾಗಿ ಮಗನದನ್ನೂ ಬರೆದೆ.

ದುರ್ಬೀನು ಹಿಡಿದವನು

ಕೊಲಂಬಸ್ ಪುಟಕ್ಕೆ ಸೇರಬೇಕಾದ ಇನ್ನೊಂದು, ಕೆರಿಬಿಯನ್ ದ್ವೀಪಗಳಾದ ಸೇಂಟ್ ಕಿಟ್ಸ್-ನೆವಿಸ್‌ನದು, 1903ರಲ್ಲಿ ಶುರುವಾದ ವಿನ್ಯಾಸ. ಕೊಲಂಬಸ್ ಹಡಗಿನಲ್ಲಿ ನಿಂತು ಕಣ್ಣಿಗೆ ದುರ್ಬೀನು ಹಿಡಿದು ದೂರಕ್ಕೆ ನೋಡುತ್ತಿದ್ದಾನೆ. ಅವನು ಸತ್ತದ್ದು 1506ರಲ್ಲಿ. ದುರ್ಬೀನಿಗೆ ಹಾಲೆಂಡಿನಲ್ಲಿ ಹ್ಯಾನ್ಸ್ ಲಿಪ್ಪರ್‌ಶೇ ಹಕ್ಕುಪತ್ರ ಕೇಳಿದ್ದು 1608ರಲ್ಲಿ. ನೂರು ವರ್ಷ ಮುಂಚೆಯೇ ಇವನ ಕೈಗೆ ಬಂದುಬಿಟ್ಟಿದೆ.

ಇದೇ ವಿನ್ಯಾಸ ಮುಂದೆಯೂ ಅಚ್ಚಾಯಿತು. ಯಾವ ಕಾಲದ್ದು ಎಂದು ಹೇಳುವುದು ಕಾಗದದೊಳಗಿನ ವಾಟರ್‌ಮಾರ್ಕ್, ಅಂದರೆ ಕಾಗದ ಮಾಡುವಾಗಲೇ ಮೂಡಿಸಿದ ಗುರುತು. ಮೊದಲಿನದರಲ್ಲಿ ಕಿರೀಟ ಮತ್ತು ಸಿಎ ಅಕ್ಷರಗಳು ಒಂಟಿಯಾಗಿ ಇರುತ್ತವೆ. 1905ರಿಂದ ಬಂದವುಗಳಲ್ಲಿ ಅದೇ ಗುರುತು ಒತ್ತೊತ್ತಾಗಿ, ಕಾಗದದ ತುಂಬಾ. ಬೆಳಕಿಗೆ ಹಿಡಿದರೆ ಗೊತ್ತಾಗಲಿಲ್ಲ. ಕಾಗದಕ್ಕೆ ಲೇಪ ಇರಬಹುದೆಂಬ ಅನುಮಾನಕ್ಕೆ ನೀರಂತೂ ಇಲ್ಲ. ಕಪ್ಪು ತಟ್ಟೆಯಲ್ಲಿ ಚಿತ್ರ ಕೆಳಗೆ ಮಾಡಿ ಮಲಗಿಸಿ, ವಾಟರ್‌ಮಾರ್ಕ್ ನೋಡುವ ದ್ರವವನ್ನು ಕೆಲವು ಹನಿ ಬಿಟ್ಟೆ. ಕಿಟಕಿ ತೆರೆದಿರಬೇಕು, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು. ಕಾಗದ ಒದ್ದೆಯಾಗಿ ಕಪ್ಪಿಗೆ ತಿರುಗುವಾಗ, ಗುರುತಿನ ಜಾಗ ತೆಳುವಾದ್ದರಿಂದ ಇನ್ನೂ ಕಪ್ಪಾಗಿ ಎದ್ದು ಬರುತ್ತದೆ. ಒಂಟಿ ಕಿರೀಟ. ಕೆಲವು ಕ್ಷಣದಲ್ಲಿ ದ್ರವ ಆರಿಹೋಯಿತು, ಗುರುತೂ ಮಾಯವಾಯಿತು. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒತ್ತುವ ಫೋಟೋಗ್ರೇವೂರ್ ಮುದ್ರಣದ ಸ್ಟ್ಯಾಂಪ್‌ಗಳಿಗೆ ಮಾತ್ರ ಈ ದ್ರವ ಬೇಡ. ಅವುಗಳಲ್ಲಿ ಕೆಲವುದರ ಬಣ್ಣವನ್ನೇ ಇದು ಕರಗಿಸುತ್ತದೆ.

ಗಾಮನ ಗಂಟು

ಹೆಚ್ಚು ಕಾಡಿಸಿದ್ದು ವಾಸ್ಕೋ ಡ ಗಾಮ. 1498ರ ಮೇ ತಿಂಗಳಲ್ಲಿ ಅವನು ಕಲ್ಲಿಕೋಟೆ ತಲುಪಿದ. ಅದರ ನಾಲ್ಕುನೂರನೇ ವರ್ಷಕ್ಕೆ, 1898ರಲ್ಲಿ, ಪೋರ್ಚುಗಲ್ ಎಂಟು ಸ್ಟ್ಯಾಂಪ್ ತಂದಿತು. ಅದೇ ಎಂಟು ವಿನ್ಯಾಸ ವಸಾಹತುಗಳಿಗೂ ಹೋಯಿತು. ಹೆಸರು ಮತ್ತು ಬೆಲೆ ಮಾತ್ರ ಬೇರೆ. ಪೋರ್ಚುಗಲ್‌ನಲ್ಲಿ ರೈಸ್ ಎಂಬ ನಾಣ್ಯದ ಲೆಕ್ಕ, ಪೋರ್ಚುಗೀಸ್ ಇಂಡಿಯಾದಲ್ಲಿ ರೈಸ್ ಜೊತೆಗೆ ಟಾಂಗಾ, ಮಕಾವ್ ಮತ್ತು ಟಿಮೋರ್‌ನಲ್ಲಿ ಆವೋ. ಹಳೇ ಅಲ್ಬಮ್‌ನಲ್ಲಿ ಇವು ಎಲ್ಲೆಲ್ಲೋ ಚದುರಿದ್ದವು. ಈಗ ವಿನ್ಯಾಸದ ಪ್ರಕಾರ ಅಡ್ಡಸಾಲು, ಜಾಗದ ಪ್ರಕಾರ ಉದ್ದಸಾಲು. ಹಡಗುಗಳು ಕಲ್ಲಿಕೋಟೆಗೆ ಬರುತ್ತಿರುವ ಒಂದೇ ಚಿತ್ರ ಲಿಸ್ಬನ್‌ನಿಂದ ಮಕಾವ್‌ವರೆಗೆ ಬಣ್ಣ ಬದಲಾಯಿಸುತ್ತಾ ಸಾಗುವುದು ಒಂದೇ ನೋಟಕ್ಕೆ ಸಿಗುತ್ತದೆ.

ಆದರೆ ಇವುಗಳಲ್ಲಿ ಹಲವು ಬಳಸದವು, ತಮ್ಮದೇ ಅಂಟಿನಿಂದ ಹಾಳೆಗೆ ಪೂರ್ತಿ ಕಚ್ಚಿಕೊಂಡಿದ್ದವು. ಯಾವಾಗಲೋ ಮಳೆಗಾಲದ ತೇವ ತಾಗಿರಬೇಕು. ಇಂಥವನ್ನು ಅಲ್ಬಮ್‌ನಲ್ಲಿದ್ದಂತೆಯೇ ಬಿಡಿಸಲು ಹೋಗಬಾರದು. ಹಾಳೆಯನ್ನೇ ಸ್ಟ್ಯಾಂಪ್‌ನ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಹಾಳೆ ಕೆಳಗೆ ಬರುವಂತೆ ಡಬ್ಬಿಗೆ ಹಾಕಿದೆ. ಹಳೇ ಹಾಳೆಗೆ ತೇವ ಬೇಗ ಹಿಡಿಯುತ್ತದೆ. ಮೆತ್ತಗಾದ ಮೇಲೆ ಸ್ಟ್ಯಾಂಪನ್ನು ಚಿತ್ರ ಕೆಳಗೆ ಮಾಡಿ ಗಾಜಿನ ಮೇಲಿಟ್ಟು, ಹಾಳೆಯನ್ನು ಸ್ಟ್ಯಾಂಪ್‌ನಿಂದ ಸುರುಳಿ ಸುತ್ತುತ್ತಾ ಎಬ್ಬಿಸಿದೆ. ಬಗ್ಗಬೇಕಾದ್ದು ಹಾಳೆ, ಸ್ಟ್ಯಾಂಪ್ ಅಲ್ಲ. ಅಂಟು ಕಲೆಕಲೆಯಾಗಿ ಉಳಿಯಿತು. ಹೊಳಪು ಹೋಯಿತು, ಅಂಚಿನ ಹಲ್ಲುಗಳು ಉಳಿದವು. ಎರಡು ಸ್ಟ್ಯಾಂಪ್‌ಗಳ ಮೇಲೆ ಕಂದು ಚುಕ್ಕೆ ಇತ್ತು, ಬೂಷ್ಟಿನದು. ಅದನ್ನು ಬ್ಲೀಚ್ ಮಾಡುವ ವಿಧಾನಗಳಿವೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಚುಕ್ಕೆ ಇರುವವನ್ನು ಬೇರೆಯವುಗಳಿಗೆ ತಾಗದಂತೆ ಬೇರೆ ಪಾಕೆಟ್‌ನಲ್ಲಿ ಇಟ್ಟೆ.

ಸೆಲೋ ಟೇಪು ಹಾಕಿದ್ದು ನ್ಯೂ ಸೌತ್ ವೇಲ್ಸ್‌ನ 1888ರ ನಾಲ್ಕು ಪೆನ್ಸ್ ಸ್ಟ್ಯಾಂಪ್‌ಗೆ. ಅದರಲ್ಲಿರುವವನು ಕ್ಯಾಪ್ಟನ್ ಕುಕ್. ಟೇಪಿನ ಮೇಲ್ಪದರ ಒಣಗಿ ತಾನೇ ಉದುರಿತು. ಅದರ ಹಳದಿ ಅಂಟು ಕಾಗದದೊಳಗೆ ಇಳಿದುಬಿಟ್ಟಿದೆ, ಇನ್ನು ಹೊರಗೆ ಬರುವುದಿಲ್ಲ. ಕಲೆ ಇರುವ ಕುಕ್ ಕೂಡ ಕುಕ್‌ನೇ.

ಕೊನೆಯ ಪುಟಗಳ ಮೆತ್ತನೆ ಪಾಕೆಟ್ ಪಿವಿಸಿ. ಮೂಗಿಗೆ ಹಿಡಿದರೆ ವಾಸನೆಯಿಂದಲೇ ಗೊತ್ತಾಗುತ್ತದೆ, ಬೆರಳಿಗೆ ಜಿಡ್ಡು. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಸ್ಟ್ಯಾಂಪ್‌ಗೆ ಇಳಿಯುತ್ತದೆ. ಅಲ್ಲಿದ್ದವು ಬ್ರಿಟನ್ನಿನ 1972 ಮತ್ತು 1973ರ ಅನ್ವೇಷಕರು. ತೆಗೆದು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟೆ. 1973ರ ಮೂರು ಪೆನ್ನಿಯ ಲಿವಿಂಗ್‌ಸ್ಟನ್ ಮತ್ತು ಸ್ಟ್ಯಾನ್ಲಿ ಪಕ್ಕಪಕ್ಕ ಜೋಡಿಯಾಗಿ ಅಚ್ಚಾದವರು. ಸುದ್ದಿಯೇ ಇಲ್ಲದಿದ್ದ ಲಿವಿಂಗ್‌ಸ್ಟನ್‌ನನ್ನು ಹುಡುಕಿಕೊಂಡು ಹೋದ ಸ್ಟ್ಯಾನ್ಲಿ, ಆಫ್ರಿಕದ ಉಜಿಜಿಯಲ್ಲಿ 1871ರಲ್ಲಿ ಅವನನ್ನು ಭೇಟಿಯಾದ ಕತೆ ಪ್ರಸಿದ್ಧ. ಇಲ್ಲಿ ಅವರನ್ನು ಹರಿದು ಬೇರೆ ಮಾಡಿದ್ದಾರೆ! ಹಿಂದಿನಿಂದ ಅಂಟಿಸಿ ಜೋಡಿ ಮಾಡುವುದು ಮೋಸ. ಒಂದೇ ಮೌಂಟ್‌ನಲ್ಲಿ, ಅಂದರೆ ಸ್ಟ್ಯಾಂಪ್ ಕೂರಿಸುವ ಪಾರದರ್ಶಕ ಪಾಕೆಟ್‌ನಲ್ಲಿ, ಹಲ್ಲಿಗೆ ಹಲ್ಲು ತಾಗಿಸಿ ಕೂರಿಸಿದೆ, ಅಷ್ಟೇ.

ಹೊಸ ಪುಟಗಳು

ಆಮ್ಲರಹಿತ ದಪ್ಪ ಕಾಗದ, ಸುಮಾರು 200 ಜಿಎಸ್ಎಂ. ಹಿಂಜ್ ಪೂರ್ತಿ ಬಿಟ್ಟೆ, ಎಲ್ಲಕ್ಕೂ ಪಾರದರ್ಶಕ ಮೌಂಟ್. ಮೌಂಟನ್ನು ಸ್ಟ್ಯಾಂಪ್‌ಗಿಂತ ಎರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿದರೆ ಹಲ್ಲು ಬಾಗುವುದಿಲ್ಲ. ಮೌಂಟ್ ಹಿಂದಿನ ಅಂಟಿಗೆ ಪೂರ್ತಿ ನೀರು ಬಳಿಯುವುದು ಬೇಡ, ಮೇಲ್ಭಾಗದಲ್ಲಿ ಒಂದು ಗೆರೆಯಷ್ಟು ಸಾಕು. ಜಾಸ್ತಿಯಾದರೆ ಅಂಚಿನಿಂದ ಒಳಗೆ ನುಸುಳಿ, ಇಷ್ಟು ಕಷ್ಟಪಟ್ಟು ಬಿಡಿಸಿದ ಸ್ಟ್ಯಾಂಪ್ ಮತ್ತೆ ಅಂಟಿಕೊಳ್ಳುತ್ತದೆ. ಮೌಂಟ್ ಒಣಗಿದ ಮೇಲೆಯೇ ಸ್ಟ್ಯಾಂಪ್ ಒಳಗೆ. ಬರಹವೆಲ್ಲ ಪೆನ್ಸಿಲ್, ದಾರಿಯ ನಕ್ಷೆ ತೆಳು ಗೆರೆಯಲ್ಲಿ.

ಸಮುದ್ರದ ದಾರಿಗಳ ನಡುವೆ ಒಂದು ನಡೆದ ದಾರಿಗೂ ಪುಟ ಕೊಟ್ಟೆ. ಭಾರತದ ನೆಲವನ್ನು ಅಳೆದ ಗ್ರೇಟ್ ಟ್ರಿಗ್ನೊಮೆಟ್ರಿಕಲ್ ಸರ್ವೆಯ ನೆನಪಿಗೆ 2004ರಲ್ಲಿ ಭಾರತ ತಂದ ಸ್ಟ್ಯಾಂಪ್‌ಗಳಲ್ಲಿ ಪಂಡಿತ್ ನೈನ್ ಸಿಂಗ್ ಇದ್ದಾರೆ. ಹಳೇ ಅಲ್ಬಮ್‌ನಲ್ಲಿ ಇವರು ಇತರೆ ಎಂಬ ಪುಟದಲ್ಲಿದ್ದರು. ವೇಷ ಮರೆಸಿಕೊಂಡು 1866ರಲ್ಲಿ ಟಿಬೆಟ್‌ನ ಲ್ಹಾಸಾ ತಲುಪಿ, ಹೆಜ್ಜೆ ಎಣಿಸಿ ದೂರ ಅಳೆದವರು. ಕೈಯಲ್ಲಿದ್ದ ಜಪಮಾಲೆಗೆ 108 ಮಣಿ ಇರಲಿಲ್ಲ, ಲೆಕ್ಕಕ್ಕೆ ಸುಲಭವಾಗಲೆಂದು 100. ಟಿಪ್ಪಣಿಗಳು ಪ್ರಾರ್ಥನಾ ಚಕ್ರದೊಳಗೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಚಿನ್ನದ ಪದಕ ಕೊಟ್ಟಿತು. ಇವರು ಲ್ಹಾಸಾಕ್ಕೆ ನಡೆದ ಕಾಲದಲ್ಲೇ ಲಿವಿಂಗ್‌ಸ್ಟನ್ ಆಫ್ರಿಕದಲ್ಲಿ ತಿರುಗುತ್ತಿದ್ದ, ಹಾಗಾಗಿ ಎದುರುಬದುರು ಪುಟ.

ಧ್ರುವದ ಪುಟಗಳು ಬೇಗ ಆದವು. ಧ್ರುವ ಅನ್ವೇಷಕ ಅಮುಂಡ್‌ಸೆನ್‌ನ ವಿಮಾನಯಾನಕ್ಕೆ ಹಣ ಕೂಡಿಸಲು ನಾರ್ವೆ 1925ರಲ್ಲಿ ತಂದ ಹಿಮಕರಡಿ ಸ್ಟ್ಯಾಂಪ್, ಆಮೇಲೆ ಬ್ರಿಟನ್ನಿನ 1972ರ ರಾಸ್, ಫ್ರೋಬಿಷರ್, ಹಡ್ಸನ್, ಸ್ಕಾಟ್. ಪ್ರಯಾಣದ ಲೆಕ್ಕದಲ್ಲಿ ಫ್ರೋಬಿಷರ್ ಮೊದಲಿಗೆ ಬಂದ, ಕರಡಿ ಕೊನೆಗೆ ಹೋಯಿತು.

ಉಳಿದದ್ದು ಕುಕ್‌ನ ಪುಟ. 1778ರಲ್ಲಿ ಅವನು ಹವಾಯಿ ತಲುಪಿದ್ದರ ನೆನಪಿಗೆ ಅಮೆರಿಕ 1978ರಲ್ಲಿ 13 ಸೆಂಟಿನ ಎರಡು ಸ್ಟ್ಯಾಂಪ್ ತಂದಿತು. ಒಂದರಲ್ಲಿ ಅವನ ಮುಖ, ನಿಂತ ಆಕಾರ. ಇನ್ನೊಂದರಲ್ಲಿ ಹವಾಯಿಯಲ್ಲಿ ಲಂಗರು ಹಾಕಿದ ಹಡಗುಗಳು, ಮಲಗಿದ ಆಕಾರ. ಎರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿದ್ದರಿಂದ ಜೋಡಿಯಾಗಿ ಸಿಕ್ಕರೆ ಒಂದು ಯಾವಾಗಲೂ ಅಡ್ಡ ಬಿದ್ದಿರುತ್ತದೆ. ನನ್ನ ಹತ್ತಿರ ಇರುವುದು ಹರಿಯದ ಜೋಡಿ. ಬೇರೆ ಮಾಡುವ ಮಾತೇ ಇಲ್ಲ. ಮೌಂಟನ್ನು ಎರಡೂ ರೀತಿ ಇಟ್ಟು ನೋಡಿದೆ. ಕೊನೆಗೆ ಕುಕ್‌ನನ್ನು ನೇರ ನಿಲ್ಲಿಸಿದೆ. ಹಡಗು ನೋಡಬೇಕಾದವರು ಅಲ್ಬಮ್ ತಿರುಗಿಸಿಕೊಳ್ಳಲಿ.